ಎಡಗಡೆಯ ಹಿಂದಿನ ಒಲೆ

ಹಾಲು ಉಕ್ಕಿದ್ದು ಶನಿವಾರ, ಬೆಳಗಿನ ಒಂಬತ್ತೂಕಾಲಿಗೆ.
ಉಕ್ಕಲೆಂದೇ ಇಟ್ಟಿದ್ದೆವು.
ಹಡರ್ಸ್‌ಫೀಲ್ಡಿನ ಈ ಇಕ್ಕಟ್ಟು ಕಲ್ಲುಮನೆಗೆ
ಸಾಲದ ಕಾಗದ, ಬೀಗದ ಕೈ ಎರಡೂ ಬಂದ ಮೇಲೆ
ಬಾಕಿ ಉಳಿದಿದ್ದು ಅದೊಂದೇ.

ಫೋನಿನೊಳಗಿಂದ ಅತ್ತಿಗೆ ಕೇಳಿದಳು:
'ಯಾವ ಕಡೆಗೆ ಉಕ್ಕಿತು? ಮೂಡಲಿಗಾ?'
ಇಲ್ಲಿ ಮೂಡಲು ಯಾವುದೆಂದು ನಾಲ್ಕು ದಿನದಿಂದ
ಸೂರ್ಯನೇ ಹೇಳಿರಲಿಲ್ಲ.
ಗುರುಬಸು ತನ್ನ ಫೋನಿನ ದಿಕ್ಸೂಚಿ ತಿರುಗಿಸಿ ನೋಡಿ
'ಬಸ್ ಡಿಪೋ ಕಡೆಗೆ' ಎಂದ.
ಅತ್ತಿಗೆ ಗಳಿಗೆ ಹೊತ್ತು ಯೋಚಿಸಿದಳು.
'ನಿನ್ನ ಅನ್ನ ಅಲ್ಲಿಯದೇ ತಾನೆ, ಒಳ್ಳೆಯದಾಯ್ತು ಬಿಡು.'

ಉಕ್ಕಿದ್ದು ಒಲೆಯ ಕಿವಿಯೊಳಗೆ ಇಳಿದಿತ್ತು.
ಎಡಗಡೆಯ ಹಿಂದಿನದು ಆರಿತು. ಆರಿದ್ದು ಸರಿ,
ಕಿಡಿ ಮಾತ್ರ ಸುಮ್ಮನಾಗಲಿಲ್ಲ.
ಟಿಕ್ ಟಿಕ್ ಟಿಕ್,
ನಾಬ್ ಮುಚ್ಚಿದರೂ ಟಿಕ್,
ಹೋಳಿಗೆಗೆ ತುಪ್ಪ ಬಡಿಸುವಾಗ ಟಿಕ್,
ರಾತ್ರಿ ಗೋಡೆಯ ಸ್ವಿಚ್ಚು ಆರಿಸುವವರೆಗೆ
ಹಲ್ಲಿಯೇ ಇಲ್ಲದ ಊರಿನಲ್ಲಿ ಹಲ್ಲಿ ಲೊಚಗುಟ್ಟಿದ ಹಾಗೆ
ನಾವು ಆಡಿದ್ದಕ್ಕೆಲ್ಲ ಹೌದು ಹೌದು ಎಂದಿತು.

ಭಾನುವಾರ ನಾನೇ ಕೂತೆ ರಿಪೇರಿಗೆ.
ಮುಚ್ಚಳ ತೆಗೆದು, ಉಂಗುರ ತೆಗೆದು,
ಸೋಪಿನ ಬಿಸಿನೀರಲ್ಲಿ ನೆನೆಹಾಕಿ
ಸವೆದ ಬ್ರಷ್ಷಿನಿಂದ ಕಿಡಿಯ ಕಡ್ಡಿಯ ಹಲ್ಲುಜ್ಜಿದೆ.
ಒಂದೊಂದು ತೂತಿಗೂ ಸೀರೆಯ ಪಿನ್ನು.
ಪೊರಕೆ ಕಡ್ಡಿ ಬೇಡ, ಮುರಿದು ಒಳಗೇ ಉಳಿದರೆ ಫಜೀತಿ.
ಇಪ್ಪತ್ತೆಂಟು ತೂತು. ಎಣಿಸಿದೆ.
ಆಮೇಲೆ ಕೂದಲು ಒಣಗಿಸುವ ಯಂತ್ರ ತಂದು
ಎಣ್ಣೆನೀರು ಹಾಕಿದ ಕೂಸಿಗೆ
ಹೊಗೆ ಹಾಕುವಷ್ಟು ಹೊತ್ತು ಗಾಳಿ ಹಿಡಿದೆ.

ಟಿಕ್ ನಿಂತಿತು. ಅಷ್ಟು ಗೆದ್ದೆ.
ಆದರೆ ಹಚ್ಚಿದರೆ ಬಂದದ್ದು ಅರ್ಧ ಉರಿ:
ಒಂದು ಮಗ್ಗುಲು ನೀಲಿ, ಗಟ್ಟಿ,
ಇನ್ನೊಂದು ಹಳದಿ, ಉದ್ದನೆಯ ಸೋಮಾರಿ ನಾಲಿಗೆ.
ನಾಬ್ ಬಿಟ್ಟೊಡನೆ ಪುಕ್.
ಹೊಸ ಕುಕ್ಕರಿನ ತಳಕ್ಕೆ ಮಸಿ.
ಗುರುಬಸು ಬೆರಳಿಗೆ ಹಚ್ಚಿಕೊಂಡು ನೋಡಿ
'ಮನೆಗೆ ದೃಷ್ಟಿಬೊಟ್ಟು' ಎಂದ.
ಹಳದಿ ಉರಿಗೆ ನಗಬಾರದು. ನಾನು ನಗಲಿಲ್ಲ.
ಕಿಟಕಿ ತೆರೆದೆ, ವಿಷಗಾಳಿಯ ಅಲಾರಮ್ಮಿನ ಗುಂಡಿ ಒತ್ತಿದೆ,
ಕಿರುಚಿತು, ಜೀವವಿದೆ.
ಗೋಡೆಯಾಚೆಯಿಂದ ಹೆಬ್ಬಲ್‌ತ್ವೇಟ್ ಅಜ್ಜ
ಎರಡು ಸಲ ಕೆಮ್ಮಿ ಕ್ಷೇಮ ವಿಚಾರಿಸಿದರು.
ಪಿನ್ನಿನ ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಂಡು
ಪರವಾನಗಿ ಇದ್ದವರಿಗೆ ಫೋನು ಮಾಡಿದೆ.

ಮಂಗಳವಾರ ಬಂದಳು ಕರ್ಸ್ಟಿ ಆರ್ಮಿಟೇಜ್,
ಬೂಟಿಗೆ ನೀಲಿ ಚೀಲ ತೊಡಿಸಿಕೊಂಡು.
'ಹಾಲು ಹೇಗೆ ಚೆಲ್ಲಿತು?'
'ಚೆಲ್ಲಲಿಲ್ಲ. ಉಕ್ಕಿಸಿದೆವು.'
'ಬೇಕೆಂದೇ?'
'ಬೇಕೆಂದೇ.'
ಟಾರ್ಚು ಬಾಯಲ್ಲಿ ಕಚ್ಚಿಕೊಂಡಳು, ಮುಂದೆ ಕೇಳಲಾಗಲಿಲ್ಲ.

ನಾನು ತೊಳೆದದ್ದು ಮೇಲಿನದು. ಅವಳು ಇಣುಕಿದ್ದು
ಉಂಗುರ ಕೂರುವ ಕಚ್ಚಿನೊಳಗೆ.
ಚಿಮುಟ ಆಡಿಸಿ ತೆಗೆದು ನನ್ನ ಅಂಗೈಗೆ ಹಾಕಿದಳು:
ಅರಿಶಿನದ ಒಂದು ಅಕ್ಕಿಕಾಳು.
ತುದಿ ಕಂದಿತ್ತು, ಮುರಿದಿರಲಿಲ್ಲ.
ಅದರ ಮೇಲೆ ಇಡೀ ಒಲೆ ವಾರೆ ಕೂತಿತ್ತು
ನೆಂಟರ ಮನೆಯಲ್ಲಿ ಮುನಿಸಿಕೊಂಡವರ ಹಾಗೆ.
ಉರಿಯ ಬಿಸಿ ಮುಟ್ಟಿದರಷ್ಟೇ ಗ್ಯಾಸು ಬಿಡುವ ಕಾವಲು ಕಡ್ಡಿ,
ಅದಕ್ಕೆ ಬಿಸಿಯೇ ತಾಕುತ್ತಿರಲಿಲ್ಲ.
'ಪಾಪ, ಅದು ಅದರ ಕೆಲಸ ಮಾಡಿದೆ' ಎಂದಳು.

ನಾಲ್ಕೂ ಹಚ್ಚಿದಳು. ನಾಲ್ಕೂ ನೀಲಿ.
ಕೊಳವೆಯ ಕೀಲಿಗೆ ಸೋಪಿನ ನೊರೆ ಸವರಿ ಕಾದಳು,
ಗುಳ್ಳೆ ಏಳಲಿಲ್ಲ.
ಎಂಬತ್ತೈದು ಪೌಂಡು.
ಫಾರಮ್ಮಿನಲ್ಲಿ 'ಕಾರಣ' ಎಂಬಲ್ಲಿ ಪೆನ್ನು ನಿಂತಿತು.
'ಇದಕ್ಕೆ ಏನಂತೀರಿ ನೀವು?'
'ಅಕ್ಷತೆ.'
ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು.

ಟೀ ಕುಡಿದು ಹೋಗು ಎಂದು
ಎಡಗಡೆಯ ಹಿಂದಿನದರ ಮೇಲೆಯೇ ಹಾಲಿಟ್ಟೆ.
ಕುರ್ಚಿ ಬೇಡವೆಂದು ನಿಂತೇ ಇದ್ದಳು, ಪಾತ್ರೆಯನ್ನೇ ನೋಡುತ್ತ.
ಅಂಚಿನಲ್ಲಿ ಕೆನೆ ನಡುಗಿ
ನಡುವೆ ಉಬ್ಬಿ
ಇನ್ನೇನು ಏಳಬೇಕು,
ನನಗಿಂತ ಮೊದಲು ಅವಳ ಕೈ ಹೋಯಿತು ನಾಬಿಗೆ.